ರೋಲರಿನ ಆಚೆ ಕಡೆ

"ಮುಚ್ರೇ ಬಾಯಿ, ಮುಂಡೇವಾ! ಇದೇನು ನಿಮ್ಮಪ್ಪನ ಊರಾ, ನಿಮ್ಮ ಮಾತಲ್ಲಿ ಅರಚೋಕೆ?"

ಮೇಸ್ತ್ರಿ ಬೈದದ್ದು ಅತ್ತಿಗೆಗೆ. ಅವಳು ಅರಚಿದ್ದು "ಕೈ ತೆಗ್ದೆ!" ಎಂದಷ್ಟೇ. ಆಸ್ಪತ್ರೆಯ ಒದ್ದೆ ಹೊದಿಕೆಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಈಚೆಯಿಂದ ಅಂಚು ಕೊಡುವವಳು ಕೈ ಹಿಂದೆಗೆದು ಹಾಗೆ ಕೂಗಬೇಕು. ಕೂಗು ಕೇಳಿದ ಮೇಲೆ ಆಚೆ ನಿಂತ ಅವಳ ನಾದಿನಿ ಪೆಡಲ್ ತುಳಿದು ರೋಲರ್ ತಿರುಗಿಸಬೇಕು. ನಡುವೆ ಹಬೆ, ಮುಖಕ್ಕೆ ಮುಖ ಕಾಣದು. ಕಡಲು ದಾಟಿ ಬಂದ ನಾವು ಹೆಂಗಸರೇ ಮಾಡಿಕೊಂಡ ಪದ್ಧತಿ ಅದು.

ಅತ್ತಿಗೆ ಅವನ ಭಾಷೆಯಲ್ಲೂ ಕೂಗಿ ನೋಡಿದಳು. ಅವನು ಅವಳ ರಾಗವನ್ನೇ ಎಳೆದು ಅಣಕಿಸಿದ.

"ಥೂ, ನಿನ್ನ ಬಾಯಿಗೆ ಬಿದ್ದು ನಮ್ಮ ಮಾತೂ ಹೊಲಸಾಯ್ತು. ಬಾಯೇ ಬೇಡ, ಕೈ ಎತ್ತಿ ತೋರ್ಸು. ಇನ್ನೊಂದ್ಸಲ ಸದ್ದು ಬಂದ್ರೆ ಕೆಲ್ಸ ಇಲ್ಲ."

ಕೆಲಸ ಹೋದರೆ ಈ ದೇಶದಲ್ಲಿರುವ ಪರವಾನಗಿಯೂ ಹೋಗುತ್ತದೆ. ಅವನು ಅತ್ತ ಹೋದ ಮೇಲೆ ಅತ್ತಿಗೆ ಬಗ್ಗಿ ಪಿಸುಗುಟ್ಟಿದಳು.

"ನನ್ ಕೈ ಕಾಣತ್ತೇನೇ?"

"ನೆರಳು ಕಾಣತ್ತೆ. ಸಾಲದಿದ್ರೆ ಕಾಲೂ ಎತ್ತಿ ಅತ್ಗೆ!"

ಇಬ್ಬರೂ ಸೆರಗಿನಲ್ಲಿ ನಗು ಒತ್ತಿಕೊಂಡರು.

ಒಂದಿಷ್ಟು ಹೊದಿಕೆಗಳು ಹಾಗೇ ಸಾಗಿದವು. ಆಮೇಲೊಮ್ಮೆ ಅತ್ತಿಗೆ ಕೈ ಎತ್ತಿದಳು. ಎತ್ತಿದವಳಿಗೆ ಅಂಚಿನಲ್ಲೊಂದು ಸುಕ್ಕು ಕಂಡಿತು. ಸುಕ್ಕು ಕಂಡರೆ ಸವರದೆ ಬಿಡುವ ಜನ್ಮವಲ್ಲ ಅವಳದು. ಎಡಗೈ ಇನ್ನೂ ಮೇಲಿತ್ತು, ಬಲಗೈ ಒಳಕ್ಕೆ ಹೋಯಿತು. ನಾದಿನಿ ತುಳಿದಳು.

ರೋಲರ್ ನಿಲ್ಲುವಷ್ಟರಲ್ಲಿ ಬೆರಳುಗಳ ಚರ್ಮ ಬಿಳಿ ಹೊದಿಕೆಗೆ ಅಂಟಿ ನಾದಿನಿಯ ಕೈಗೆ ಬಂತು.

ಮೇಸ್ತ್ರಿ ಓಡಿ ಬಂದ. "ಬಾಯಿ ಸತ್ತೋಗಿತ್ತೇನೇ? ಕೂಗೋಕೇನಾಗಿತ್ತು ನಿಂಗೆ?"

ನಮ್ಮಲ್ಲಿಬ್ಬರು ಅತ್ತಿಗೆಯ ತೋಳು ಹಿಡಿದು ಹೊರಗೆ ಕರೆದೊಯ್ದರು. ಮೇಸ್ತ್ರಿ ಆ ಹೊದಿಕೆಯನ್ನು ಕಾಲಿನಿಂದ ಮೂಲೆಗೆ ನೂಕಿ ನಾದಿನಿಗೆ ಬೆರಳು ತೋರಿಸಿದ.

"ಲೇ, ಈ ಕಡೆ ಬಾ. ಅಂಚು ನೀನು ಕೊಡು, ಪೆಡಲ್ ನಾನ್ ತುಳೀತೀನಿ. ಏನ್ ನಿಂತಿದೀಯ ಗರ ಬಡ್ದೋಳ ಥರ?"

ನಾದಿನಿ ಕದಲಲಿಲ್ಲ. ಅವನ ಭಾಷೆಯಲ್ಲೇ, ನಮ್ಮ ರಾಗದಲ್ಲೇ, ಕೋಣೆಗೆಲ್ಲ ಕೇಳುವಂತೆ ಹೇಳಿದಳು:

"ಅಂಚು ನೀವು ಕೊಡಿ ಸಾರ್. ಪೆಡಲ್ ಮೇಲೆ ನನ್ನ ಕಾಲಿದೆ."

ಮೇಸ್ತ್ರಿ ರೋಲರ್ ನೋಡಿದ. ಅವಳ ಕಾಲು ನೋಡಿದ. ನಮ್ಮ ಕಡೆ ತಿರುಗಿದ. ನಾವು ಒಬ್ಬೊಬ್ಬರೇ ಕೈಯಲ್ಲಿದ್ದುದನ್ನು ಕೆಳಗಿಟ್ಟೆವು. ಅವನ ಹಿಂದೆ ಒಗೆಯುವ ಯಂತ್ರ ಒದ್ದೆ ಹೊದಿಕೆಗಳನ್ನು ಉಗುಳುತ್ತಲೇ ಇತ್ತು. ಅವು ನೆಲದ ಮೇಲೆ, ಅವನ ಬೂಟುಗಳ ಮೇಲೆ ಬೀಳುತ್ತಿದ್ದವು.