ಏಳು ದಿನಕ್ಕೆ ಏಳು ಅಂಗಿ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಹೇಳದಿದ್ದರೆ ನಿಮಗೆ ಗೊತ್ತಾಗುವುದಾದರೂ ಹೇಗೆ? ಪಿಳ್ಳಪ್ಪ. ಹಲಸೂರು ಕೆರೆಯಂಚಿನ ಅಗಸರ ಕಲ್ಲುಗಳಲ್ಲಿ ಮೂರನೆಯದು ನಮ್ಮದು. ಒಗೆಯುವುದು ಅವನು, ಗಂಜಿ ಹಾಕುವುದು, ಇಸ್ತ್ರಿ ಮಾಡುವುದು, ಗಿರಾಕಿಗಳ ಹತ್ತಿರ ಜಗಳ ಕಾಯುವುದು ನಾನು, ಗೋವಿಂದಮ್ಮ.

ನಲವತ್ತನಾಲ್ಕನೆಯ ಇಸವಿ ಮಾರ್ಚಿ ತಿಂಗಳಲ್ಲಿ ಈ ಮಹಾರಾಯ ನನ್ನನ್ನು ಒಂದು ಮಾತೂ ಕೇಳದೆ ಮಿಲಿಟರಿಗೆ ಸೇರಿಬಿಟ್ಟ. ಕೋವಿ ಹಿಡಿಯುವುದಕ್ಕಲ್ಲ, ಸಿಪಾಯಿಗಳ ಬಟ್ಟೆ ಒಗೆಯುವುದಕ್ಕೆ. ಅಸ್ಸಾಮಿನ ಆಚೆ, ಬರ್ಮಾ ಗಡಿಯ ಹತ್ತಿರವಂತೆ. ಹದಿನೈದು ದಿನದಲ್ಲಿ ಹಾಜರಾಗಬೇಕು.

"ಬಾಂಬು ಹಾಕೋನು, ಇವನು ಅಗಸ ಪಾಪ, ಬಿಟ್ಬಿಡಾಣ ಅಂತಾನಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವನು ತಲೆ ಬಗ್ಗಿಸಿಕೊಂಡು ಸೌದೆ ಸೀಳುತ್ತಲೇ ಇದ್ದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವನೇ ನನ್ನ ಪಕ್ಕ ಬಂದು ನಿಂತು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, "ಮದ್ರಾಸಿಗೆ ಹೋಗ್ಬರಾಣ ಕಣೇ. ಒಂದು ವಾರ. ನಾನೂ ನೀನೂ, ಇಬ್ರೇ" ಎಂದ.

ಇಬ್ಬರೇ! ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನಮ್ಮ ಮನೆ ಅಂದರೆ ಒಂದೇ ಕೋಣೆ. ಅರ್ಧದಲ್ಲಿ ಊರವರ ಬಟ್ಟೆಯ ಗಂಟು, ಇನ್ನರ್ಧದಲ್ಲಿ ನನ್ನ ಅತ್ತೆ ದೊಡ್ಡಮುನಿಯಮ್ಮನ ಕೆಮ್ಮು, ಮಿಕ್ಕಿದ್ದರಲ್ಲಿ ನಾವು. ಬಾಗಿಲಿಗೆ ಚಿಲಕವೇ ಇರಲಿಲ್ಲ. ಗಂಟು ತರುವವರು, ಒಯ್ಯುವವರು ಹೊತ್ತಿಲ್ಲದ ಹೊತ್ತಿನಲ್ಲಿ ಒಳಗೇ ಬಂದು ನಿಲ್ಲುತ್ತಿದ್ದರು. ಗಂಡನ ಜೊತೆ ಬಾಯಿಬಿಟ್ಟು ನಕ್ಕಿದ್ದು ನನಗೆ ನೆನಪಿಲ್ಲ. ಬರ್ಮಾಕ್ಕೆ ಹೋದವನು ಬರುತ್ತಾನೋ ಇಲ್ಲವೋ, ಅದಕ್ಕೆ ಮುಂಚೆ ಏಳು ದಿನ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ನನಗೆ ಬೇಕು ಅನ್ನಿಸಿತು. ಹಟ ಹಿಡಿದರೆ ಬಿಡುವವಳಲ್ಲ ನಾನು.

ಬೆಂಗಳೂರು ದಂಡಿನ ಸ್ಟೇಷನ್ನಿನ ಪೋರ್ಟರು ಖಾದರ್ ಭಾಯಿ ನಮಗೆ ಮದ್ರಾಸನ್ನೆಲ್ಲ ಬಾಯಲ್ಲೇ ತೋರಿಸಿದರು. ಮೊದಲ ದಿನ ಸಮುದ್ರ. ಎರಡನೇ ದಿನ ಕೋಟೆ, ಹೈಕೋರ್ಟು. ಆಮೇಲೆ ಮೈಲಾಪುರದ ದೇವಸ್ಥಾನ, ಟ್ರಾಮು, ತಮಿಳರು 'ಸೆತ್ತ ಕಾಲೇಜು', ಅಂದರೆ ಸತ್ತ ಪ್ರಾಣಿಗಳ ಕಾಲೇಜು, ಅನ್ನುವ ಮ್ಯೂಸಿಯಂ. ನಾನು ಬೆರಳು ಮಡಿಸುತ್ತ ಕೇಳಿದೆ. ಇಳಿದುಕೊಳ್ಳುವ ಮಾತು ಬಂದಾಗ ಮಾತ್ರ ಅವರು ಗಡ್ಡ ಕೆರೆದುಕೊಂಡರು.

"ಛತ್ರದಲ್ಲಿ ಮೂರೇ ದಿನ ಬಿಡೋದು. ಆಮೇಲೆ ಇನ್ನೊಂದು ಛತ್ರ ಹುಡುಕ್ಬೇಕು. ಅದೂ ಗುಮಾಸ್ತ ಮೊದ್ಲು ಮೈಮೇಲಿನ ಬಟ್ಟೆ ನೋಡ್ತಾನೆ ಪಿಳ್ಳಪ್ಪ. ಕೋಟು ಹಾಕಿದ್ರೆ ರೂಮು. ಇಲ್ದಿದ್ರೆ ಗಂಡಸ್ರು ಈ ಜಗಲಿ, ಹೆಂಗಸ್ರು ಆ ಜಗಲಿ."

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಇನ್ನೂರು ಮೈಲಿ ಹೋಗಿ ಬೇರೆ ಬೇರೆ ಜಗಲಿಯಲ್ಲಿ ಮಲಗಬೇಕಾ? ಅದಕ್ಕೆ ಇಲ್ಲೇ ಅತ್ತೆಯ ಕೆಮ್ಮು ಕೇಳಿಕೊಂಡು ಬಿದ್ದಿರಬಹುದು. ಕೋಟಿಲ್ಲದೆ ಚಿಲಕವಿಲ್ಲ.

ನಮ್ಮ ಕಲ್ಲುಗಳ ಕಡೆ ಒಂದು ವಾಡಿಕೆಯಿದೆ. ಅದನ್ನು ನಾವು ಕಳ್ಳತನ ಅನ್ನುವುದಿಲ್ಲ. ಮದುವೆ, ನಾಮಕರಣ ಬಂದರೆ ಗಿರಾಕಿಯ ಸೀರೆಯನ್ನೋ ಅಂಗಿಯನ್ನೋ ಒಂದು ಹೊತ್ತು ಉಟ್ಟು, ಒಗೆದು, ಇಸ್ತ್ರಿ ಮಾಡಿ ವಾಪಸ್ಸು ಕೊಡುತ್ತೇವೆ. ಆದರೆ ಬೆಳಿಗ್ಗೆ ಉಟ್ಟದ್ದು ಸಂಜೆಗೆ ಬಿಚ್ಚಬೇಕು, ಕೆರೆಯ ಏರಿ ದಾಟಿಸಬಾರದು. ಏರಿ ದಾಟಿಸಿದವರನ್ನು ಕಲ್ಲಿನಿಂದಲೇ ಓಡಿಸಿದ್ದುಂಟು. ನಾನು ಏರಿ ದಾಟಿಸಿ ಮದ್ರಾಸಿಗೇ ಒಯ್ಯಲು ಹೊರಟಿದ್ದೆ. ಅಂಗಿಗಳ ವಿಷಯ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಏಳು ದಿನಕ್ಕೆ ಏಳು ಅಂಗಿ ತೆಗೆದಿಟ್ಟೆ. ಆರು ಗಿರಾಕಿಗಳದ್ದು, ಒಂದು ಅವನದ್ದೇ. ಅಂಗಿ ತಡವಾದರೆ ಯಾರೂ ಕೇಳುವುದಿಲ್ಲ. ಕೋಟಿಗೆ ಕೇಳುತ್ತಾರೆ.

ಅಂಥ ಹೊತ್ತಿನಲ್ಲಿ ರಿಚರ್ಡ್ಸ್ ಟೌನಿನ ಶಾಂತಕುಮಾರಿ ಟೀಚರಮ್ಮ ತಾವಾಗಿಯೇ ಒಂದು ಕೋಟು ಕೈಗಿತ್ತರು. ಬೂದಿ ಬಣ್ಣದ ಉಣ್ಣೆ ಕೋಟು, ಅವರ ಯಜಮಾನರದ್ದು. ಯಜಮಾನರು ಮಿಲಿಟರಿ ಆಫೀಸಿನಲ್ಲಿ ಗುಮಾಸ್ತರಾಗಿ ಸಿಂಗಪುರಕ್ಕೆ ಹೋದವರು. ಸಿಂಗಪುರ ಜಪಾನಿನವರ ಕೈಗೆ ಬಿದ್ದು ಎರಡು ವರ್ಷ, ಒಂದು ಕಾಗದವೂ ಬಂದಿರಲಿಲ್ಲ.

"ಟ್ರಂಕಿನಲ್ಲಿ ನುಸಿ ಹತ್ತಿದೆ ಗೋವಿಂದಮ್ಮ. ಮಹಡಿ ಮನೆ, ನನಗೆ ಬಿಸಿಲೇ ಸಿಗಲ್ಲ. ಒಂದಿನ ಕೆರೆ ಹತ್ರ ಬಿಸಿಲಿಗೆ ಹಾಕಿ ಸಂಜೆ ತಂದ್ಕೊಡು. ತೊಳೀಬೇಡ. ನೀರು ಸೋಕಿಸ್ಲೇಬೇಡ" ಎಂದರು.

ಉಣ್ಣೆ ಕುಗ್ಗಿಸಿಬಿಡುತ್ತೇನೆ ಅಂತ ಹೆದರಿಕೆ ಈಯಮ್ಮನಿಗೆ ಅಂದುಕೊಂಡೆ. ಕರ್ನಲ್‌ಗಳ ಕೋಟು ತೊಳೆದ ಕೈ ಇದು! ನನಗೆ ಸಿಟ್ಟೇ ಬಂತು. ಆದರೂ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ. ಯಾರೂ ತೊಡದ ಕೋಟು, ಎರಡು ವರ್ಷದಿಂದ ಟ್ರಂಕಿನಲ್ಲಿ ಬಿದ್ದಿರುವ ಕೋಟು, ಒಂದು ವಾರ ಹೆಚ್ಚು ಕಮ್ಮಿಯಾದರೆ ಯಾರ ಗಂಟೇನು ಹೋಗುತ್ತದೆ? ಸಂಜೆ ಬರಿಗೈಯಲ್ಲಿ ಹೋಗಿ, "ಅಮ್ಮಾ, ನುಸಿ ಮೊಟ್ಟೆ ಇಟ್ಬಿಟ್ಟಿದೆ. ಇನ್ನೂ ಹತ್ತು ಬಿಸಿಲು ಕಾಣಿಸ್ಬೇಕು" ಎಂದು ಸುಳ್ಳು ಹೇಳಿ ಬಂದೆ. ಅವರ ಮುಖ ಸಣ್ಣದಾಯಿತು. ನಾನು ಅದನ್ನು ನೋಡಿಯೂ ನೋಡದವಳಂತೆ ಮೆಟ್ಟಿಲಿಳಿದೆ.

ಪಿಳ್ಳಪ್ಪನಿಗೆ ತೊಡಿಸಿ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಆದರೆ ಕಾಲರಿಗೆ ತಲೆಯೆಣ್ಣೆ ಕೂತು ಕಪ್ಪಾಗಿತ್ತು. ಕಂಕುಳಲ್ಲಿ ಹಳೇ ಬೆವರು, ಒಳಗೆಲ್ಲ ಸಿಗರೇಟಿನ ವಾಸನೆ. ಇಂಥದ್ದನ್ನು ತೊಡಿಸಿ ಗಂಡನನ್ನು ಪರಸ್ಥಳಕ್ಕೆ ಕರೆದುಕೊಂಡು ಹೋದರೆ ಅಗಸಗಿತ್ತಿಯಾಗಿ ನನ್ನ ಮಾನ ಉಳಿಯುತ್ತದಾ? ಅಂಟುವಾಳದ ನೊರೆಯಲ್ಲಿ ಹದವಾಗಿ ಅದ್ದಿ, ಹಿಂಡದೆ, ನೆರಳಲ್ಲಿ ಒಣಗಿಸಿದೆ. ಒಂದು ನೂಲೂ ಕುಗ್ಗಲಿಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದ ಮೇಲೆ ಹೊಸ ಕೋಟಿನಂತೆ ಕಂಡಿತು. ನನ್ನ ಕೈಗೆ ನಾನೇ ಮೆಚ್ಚಿಕೊಂಡೆ.

ಆದರೆ ಹೊರಡುವ ದಿನ ಹತ್ತಿರವಾದ ಹಾಗೆಲ್ಲ ಹೆದರಿಕೆ ಹೆಚ್ಚಿತು. ಬಾಗಿಲ ಹತ್ತಿರ ಹೆಜ್ಜೆ ಸಪ್ಪಳವಾದರೆ ಕೋಟನ್ನು ಗಂಟಿನೊಳಗೆ ತುರುಕುತ್ತಿದ್ದೆ. ಸಿಕ್ಕಿಬಿದ್ದರೆ ಕಲ್ಲು ಹೋಯಿತು, ಮಾನ ಹೋಯಿತು, ಮದ್ರಾಸೂ ಹೋಯಿತು. ಜೈಲಾದರೆ ಬರ್ಮಾ ತಪ್ಪುತ್ತದಲ್ಲ ಎಂದೂ ಒಂದು ಗಳಿಗೆ ಯೋಚಿಸಿದೆ, ಸುಳ್ಳೇಕೆ. ಅತ್ತೆ ಬೇರೆ, "ಮಗ ಯುದ್ಧಕ್ಕೆ ಹೋಗೋ ಹೊತ್ನಾಗೆ ನಿನಗೆ ಸಮುದ್ರ ಬೇಕಾಯ್ತೇನೇ?" ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದಳು. ಗೊಣಗುತ್ತಲೇ ದಾರಿಗೆ ಅಂತ ಚಟ್ನಿಪುಡಿಯನ್ನೂ ಕುಟ್ಟುತ್ತಿದ್ದಳು.

ಭಾನುವಾರ ಬೆಳಗಿನ ರೈಲು. ಶನಿವಾರ ಹತ್ತು ಗಂಟೆಯ ಹೊತ್ತಿಗೆ ನಾನು ಏಳು ಅಂಗಿಗಳಿಗೂ ಕೊನೆಯ ಇಸ್ತ್ರಿ ಮುಗಿಸಿ ಒಂದರ ಮೇಲೊಂದು ಜೋಡಿಸುತ್ತಿದ್ದೆ. ಪಿಳ್ಳಪ್ಪ ಕೋಟು ತೊಟ್ಟು ಗೋಡೆಯ ಕನ್ನಡಿ ಮುಂದೆ ನಿಂತು, "ರೂಮ್ ಬೇಕ್ರೀ, ನಾನು ಮತ್ತೆ ನಮ್ಮ ಮನೆಯೋರು" ಎಂದು ಗುಮಾಸ್ತನ ಹತ್ತಿರ ಮಾತಾಡುವುದನ್ನು ಅಭ್ಯಾಸ ಮಾಡುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ಗೋವಿಂದಮ್ಮ ಇದ್ದಾಳಾ?"

ಚಿಲಕವಿಲ್ಲದ ಬಾಗಿಲು. ಶಾಂತಕುಮಾರಿ ಟೀಚರಮ್ಮ ಹೊಸಲಿನ ಮೇಲೇ ನಿಂತಿದ್ದರು. ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅವರ ಕಣ್ಣು ಪಿಳ್ಳಪ್ಪನ ಬೆನ್ನಿನ ಮೇಲೆ ನಿಂತುಬಿಟ್ಟಿತು.

ಪಿಳ್ಳಪ್ಪ ತಿರುಗಿ ನೋಡಿದವನೇ ಕೋಟು ಬಿಚ್ಚಿ ಅವರ ಮುಂದೆ ಹಿಡಿದ. "ತಪ್ಪಾಯ್ತಮ್ಮಾ" ಎಂದ. ನಾನೇ ಕಾಲಿಗೆ ಬಿದ್ದು ಮದ್ರಾಸು, ಛತ್ರ, ಬರ್ಮಾ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಪೊಲೀಸರಿಗೆ ಹೇಳಬೇಡಿ ಎಂದು ಅಂಗಲಾಚಿದೆ. ಅವರು ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಕೋಟನ್ನು ತೆಗೆದುಕೊಂಡು ಕಾಲರನ್ನು ಮುಖಕ್ಕೆ ಒತ್ತಿಕೊಂಡರು. ಮತ್ತೆ ಕಂಕುಳ ಹತ್ತಿರ. ಮತ್ತೆ ಒಳಗಿನ ಅಸ್ತರು.

"ತೊಳೆದ್ಬಿಟ್ಯಾ?"

ನನ್ನ ಮೂರ್ಖತನ ನೋಡಿ. ಆ ಗಳಿಗೆಯಲ್ಲೂ ಕೆಲಸದ ಜಂಬ ಹೋಗಲಿಲ್ಲ. "ಅಂಟುವಾಳದಲ್ಲಿ ಮಾಡಿದ್ದಮ್ಮಾ. ಒಂದು ಚೂರೂ ಕುಗ್ಗಿಲ್ಲ, ನೋಡಿ. ಕಲೆ, ವಾಸ್ನೆ ಏನೂ ಉಳ್ಸಿಲ್ಲ" ಎಂದೆ.

ಅವರು ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತರು.

"ಅದೊಂದೇ ಇತ್ತು ಗೋವಿಂದಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅವ್ರ ಮಿಕ್ಕಿದ್ ಬಟ್ಟೆ ಎಲ್ಲಾ ಅವ್ರು ಹೋದ ವಾರಾನೇ ನಿನ್ ಕೈಗೆ ಹಾಕ್ಬಿಟ್ಟಿದ್ದೆ. ಬೇಗ ಬರ್ತಾರೆ, ಮಡಿ ಮಾಡಿ ಇಡೋಣ ಅಂತ. ಇದೊಂದು ಮರೆತು ಉಳ್ಕೊಂಡಿತ್ತು. ದಿನಾ ಸ್ಕೂಲಿಂದ ಬಂದು ಟ್ರಂಕು ತೆಗೀತಿದ್ದೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಟ್ಟೆ ಮೂಸಿ ಯಾವ ಮನೆಯದೆಂದು ಹೇಳುವವಳು ನಾನು. ಆ ಕೋಟಿನಲ್ಲಿದ್ದ ಎಣ್ಣೆ, ಬೆವರು, ಸಿಗರೇಟನ್ನು ಎಷ್ಟು ಜತನದಿಂದ, ಎಷ್ಟು ಹೆಮ್ಮೆಯಿಂದ ಕೆರೆಗೆ ಬಿಟ್ಟಿದ್ದೆ! ಪಾಪಿ ಮುಂಡೇದು ನಾನು. ಅತ್ತೆ ಕುಟ್ಟುವುದನ್ನು ನಿಲ್ಲಿಸಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟಳು. ಟೀಚರಮ್ಮ ಕುಡಿದರು. ಎದ್ದು ಕೋಟನ್ನು ಮಡಿಸಿ, ನಾನು ಜೋಡಿಸಿದ್ದ ಅಂಗಿಗಳ ಮೇಲಿಟ್ಟರು.

"ಹಾಕ್ಕೊಂಡು ಹೋಗ್ಲಿ. ರೂಮು ಸಿಗ್ಲಿ ನಿಮಗೆ" ಎಂದರು. "ಇನ್ಮೇಲೆ ಅದು ಬರೀ ಕೋಟು."

ಅವರು ಕೆರೆಯ ಏರಿಯ ಮೇಲೆ ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕಾಣದಾದ ಮೇಲೆ ಒಳಗೆ ಬಂದು ಏಳು ಅಂಗಿಗಳನ್ನೂ ಒಂದೊಂದಾಗಿ ಮುಖಕ್ಕೆ ಹಿಡಿದೆ. ಅವನ ಸ್ವಂತ ಅಂಗಿಯಲ್ಲೂ ಗಂಜಿಯ ವಾಸನೆ, ಇದ್ದಿಲಿನ ವಾಸನೆ. ಕಂಬಳಿ ಮೂಸಿದೆ, ಒಗೆಯಲು ಹಾಕುವ ಸೌಳುಮಣ್ಣಿನ ವಾಸನೆ. ಅವನ ಟವಲು, ಪಂಚೆ, ದಿಂಬಿನ ಚೀಲ, ಎಲ್ಲವನ್ನೂ ಮದ್ರಾಸಿಗೆ ಹೊರಡುವ ಸಡಗರದಲ್ಲಿ ಒಗೆದು ಒಣಗಿಸಿ ಇಟ್ಟಿದ್ದೆ. ಒಂಬತ್ತು ವರ್ಷ ನನ್ನ ಪಕ್ಕ ಮಲಗಿದವನು ಆ ಮನೆಯಲ್ಲಿ ಎಲ್ಲೂ ಇರಲಿಲ್ಲ.

"ಏನೇ ಅದು, ನಾಯಿ ಹಂಗೆ ಮೂಸ್ತಿದ್ದೀಯ?" ಎಂದ ಪಿಳ್ಳಪ್ಪ.

ನಾನು ಗಿರಾಕಿಗಳ ಆರು ಅಂಗಿಗಳನ್ನು ತೆಗೆದು ಅವರವರ ಗಂಟಿಗೆ ಹಾಕಿದೆ. ತೋಳಿಗೆ ತೇಪೆ ಹಾಕಿದ್ದ ಅವನದ್ದನ್ನು ಅವನ ಎದೆಗೆ ಒತ್ತಿದೆ.

"ಮೇಲೆ ಕೋಟು ಹಾಕ್ಕೊ. ಒಳಗೆ ಇದು."

"ಸರಿ. ನಾಳಿದ್ದಿಗೆ?"

"ಇದೇ. ಏಳು ದಿನಾನೂ ಇದೇ ಹಾಕ್ಕೊ. ಮಲಗೋವಾಗ್ಲೂ ಬಿಚ್ಚಬೇಡ. ವಾಪಸ್ ಬಂದ ದಿನ ನನ್ ಕೈಗೆ ಕೊಟ್ಟು ಆಮೇಲೆ ಎಲ್ಲಿಗಾದ್ರೂ ಹೋಗು."

ಅವನು ಅಂಗಿಯನ್ನೂ ನನ್ನ ಮುಖವನ್ನೂ ನೋಡಿದ. "ಅಗಸನ ಹೆಂಡ್ತಿ ಆಡೋ ಮಾತೇನೇ ಇದು? ಮದ್ರಾಸಿನ ಸೆಕೆ. ಏಳು ದಿನಕ್ಕೆ ನಾರುತ್ತೆ ಕಣೇ."

"ನಾರ್ಲಿ" ಎಂದೆ. ಅತ್ತೆ ನೋಡುತ್ತಿದ್ದಾಳೆಂಬ ಎಗ್ಗೂ ಇಲ್ಲದೆ ಅವನ ತೋಳು ಹಿಡಿದು ಅತ್ತುಬಿಟ್ಟೆ. "ಚೆನ್ನಾಗಿ ನಾರ್ಲಿ."