ಗೂಡು ಗುಡಿಸಿದವಳು

ಇಡೀ ಹಕ್ಕಿಮನೆಯಲ್ಲಿ ಆ ಜಾತಿಯದು ಉಳಿದಿದ್ದು ಒಂದೇ ಜೋಡಿ. ಹೆಣ್ಣು ಸಂಜೆಯೊಳಗೆ ಮೊಟ್ಟೆ ಇಡುತ್ತದೆಂದು ಡಾಕ್ಟರು ಹೇಳಿ ಹೋಗಿದ್ದರು. ಪಂಜರದ ಬುಟ್ಟಿಯಲ್ಲಿ ಮಾತ್ರ ಒಂದೆಳೆ ಹುಲ್ಲಿಲ್ಲ. ಹೋದ ಸಲ ಮೊಟ್ಟೆ ಬರಿಬುಟ್ಟಿಯಲ್ಲಿ ಬಿದ್ದು ಒಡೆದಿತ್ತು. ಮನುಷ್ಯರು ಹಾಸಿದ ಗೂಡಿಗೆ ಹೆಣ್ಣು ಕಾಲೂ ಇಡದು, ಗಂಡೇ ಹಾಸಬೇಕು. ಆ ಮಹಾನುಭಾವನೋ, ಬೆಳಗಿನಿಂದ ಒಂದೊಂದೇ ಹುಲ್ಲೆಳೆ ಕಚ್ಚಿ ತಂದು ಸರಳಿನ ಸಂದಿಯಿಂದ ಆಚೆ ಬಿಸಾಕುತ್ತಿದ್ದ!

"ಇವನಿಗೇನು ತಲೆ ಕೆಟ್ಟಿದೆಯಾ ಅತ್ತೆ?" ಎಂದಳು ಸೊಸೆ. ಅಳುವೇ ಬಂದಿತ್ತು.

ಅತ್ತೆ ಮೂವತ್ತು ವರ್ಷ ಇಲ್ಲೇ ಹಕ್ಕಿ ಸಾಕಿದವರು. ಆ ಕೆಲಸವೇ ಈಗ ಸೊಸೆಗೆ ಬಂದಿತ್ತು. "ತಲೆ ನೆಟ್ಟಗೇ ಇದೆ ಕಣೇ. ಅವರಮ್ಮ ಮಾಡಿದ್ದನ್ನೇ ಮಾಡ್ತಿದಾನೆ."

"ಯಾವ ಅಮ್ಮ?"

"ನೀನೇ!"

ಅವನು ಮೊಟ್ಟೆಯೊಡೆದು ಹೊರಬಂದ ದಿನದಿಂದ ಗುಟುಕು ಕೊಟ್ಟವಳು ಸೊಸೆಯೇ. ಬಲಿಯುವವರೆಗೆ ಅವನು ಇನ್ನೊಂದು ಹಕ್ಕಿಯ ಮುಖ ಕಂಡಿರಲಿಲ್ಲ. ಕಂಡಿದ್ದು ಇವಳನ್ನು, ಕಸ ಕಂಡರಾಗದ ಇವಳು ದಿನಾ ಬೆಳಿಗ್ಗೆ ಪಂಜರದಿಂದ ಒಂದೆಳೆ ಬಿಡದೆ ಹುಲ್ಲು ಹೆಕ್ಕಿ ಆಚೆ ಎಸೆಯುವುದನ್ನು.

"ಬಾಯಿ ಬಿಟ್ಕೊಂಡು ನಿಂತ್ರೆ ಆಗಲ್ಲ. ಕಲಿಸಿದವಳೇ ತಿದ್ದು," ಎಂದರು ಅತ್ತೆ.

ಅವಳು ಇನ್ನೊಂದು ಬುಟ್ಟಿ ತಂದು, ಪಂಜರದೆದುರು ಮಡಿಲಲ್ಲಿಟ್ಟುಕೊಂಡು ಕೂತಳು. ಒಂದೆಳೆ ಎತ್ತಿ ಒಳಗಿಟ್ಟಳು. ಮತ್ತೊಂದು. "ಒಳಗೆ ಕಣೋ ಮಾರಾಯ, ಒಳಗೆ!" ಗಂಡು ಕತ್ತು ಕೊಂಕಿಸಿ ನೋಡಿತು, ಹುಲ್ಲನ್ನು ಆಚೆಗೇ ಎಸೆಯಿತು. ಮಧ್ಯಾಹ್ನ ಕಳೆಯಿತು. ಸೊಂಟ ಹಿಡಿದುಕೊಂಡಿತು. ಹೆಣ್ಣು ಗರಿ ಕೆದರಿಕೊಂಡು ಬರಿಬುಟ್ಟಿಗೆ ಹೋಗಿ ಬಂದು ಮಾಡತೊಡಗಿತು.

ನೆಲದ ತುಂಬ ಹುಲ್ಲು, ಹಿಕ್ಕೆ, ಕಾಳಿನ ಹೊಟ್ಟು. ಸೊಸೆಯ ಕೈ ತಾನಾಗಿಯೇ ಪೊರಕೆಗೆ ಹೋಯಿತು. ಅದೇ ಹೊತ್ತಿಗೆ ಗಂಡು, ಕೊಕ್ಕಿನಲ್ಲಿ ಹುಲ್ಲು ಹಿಡಿದು, ಪಂಜರದ ಬುಟ್ಟಿಯಂಚಿಗೆ ಬಂದು ಕೂತಿತ್ತು. ಅವಳ ಕೈಯನ್ನೇ ನೋಡುತ್ತಿತ್ತು.

"ಮುಟ್ಟಬೇಡ್ವೇ!" ಅತ್ತೆ ಪಿಸುಗುಟ್ಟಿದರು.

ಅವಳು ಪೊರಕೆ ಬಿಟ್ಟಳು. ನೆಲದಿಂದ ಅದೇ ಕೊಳಕು ಹುಲ್ಲು ಹೆಕ್ಕಿ ಮಡಿಲ ಬುಟ್ಟಿಗೆ ಹಾಕಿದಳು.

ಗಂಡು ಸರಳಿನ ಕಡೆಗೊಮ್ಮೆ ತಿರುಗಿತು. ಆಮೇಲೆ ಬಗ್ಗಿ ಹುಲ್ಲನ್ನು ಬುಟ್ಟಿಯೊಳಗಿಟ್ಟಿತು. ಇನ್ನೊಂದಕ್ಕೆ ಹಾರಿತು. ಅಲ್ಲಿಂದಾಚೆ ಅದಕ್ಕೆ ಪುರುಸೊತ್ತೇ ಇರಲಿಲ್ಲ.

ಸಂಜೆ ಹೆಣ್ಣು ಮೇಲೆದ್ದಾಗ ಹುಲ್ಲಿನ ನಡುವೆ ಮೊಟ್ಟೆಯಿತ್ತು, ಇಡಿಯಾಗಿ. ಸೊಸೆ ಅತ್ತೆಯನ್ನು ತಬ್ಬಿಕೊಂಡು ಗಳಗಳ ಅತ್ತಳು.

ಮರಿ ಹೊರಬರುವವರೆಗೆ, ಹದಿನಾಲ್ಕು ದಿನ, ಆ ಕೋಣೆಯ ಕಸವನ್ನು ಅವಳು ಗುಡಿಸಲಿಲ್ಲ.