ಕಲ್ಲಯ್ಯನ ನರಕ್ಕೆ ಚುಚ್ಚಿದ್ದು

ಕಲ್ಲಯ್ಯನಿಗೆ ಥೈರಾಯ್ಡ್ ಇದೆ ಎಂದು ಅವನ ಹೆಂಡತಿ ಕಾಶವ್ವ ಸ್ಕ್ಯಾನ್ ಸೆಂಟರಿನವರಿಗೆ ಹೇಳಿದಳು. ಅವರು ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ, ಹೊಟ್ಟೆಯ ಚಿತ್ರ ಚೆನ್ನಾಗಿ ಮೂಡಲೆಂದು, ಅಯೋಡಿನ್ ಇರುವ ಡೈ ಎಂಬ ಔಷಧವನ್ನು ಅವನ ನರಕ್ಕೆ ಬಿಟ್ಟರು.

"ನಾವು ಹೊಟ್ಟಿ ನೋಡಾಕತ್ತೇವ್ರೀ ಅಕ್ಕಾರ, ಗಂಟಲ ಅಲ್ಲ," ಎಂದಿದ್ದ ಸೂಜಿ ಹಿಡಿದವನು. ಹೊರಗೆ ಬೆಳಗಾವಿಯ ಅರ್ಧ ಊರೇ ಸಾಲು ನಿಂತಿತ್ತು. ಸ್ಕ್ಯಾನಿಗೆಂದು ಎಲ್ಲ ಗುಳಿಗೆ ನಿಲ್ಲಿಸಲು ಹೇಳಿದ್ದರು. ಮತ್ತೆ ಯಾವಾಗ ಶುರು ಮಾಡಬೇಕೆಂದು ಹೇಳಲಿಲ್ಲ. ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಗ್ಯಾಸ್ ಎಂದು ಹೇಳಿ ಕಳಿಸಿದರು.

ಕಲ್ಲಯ್ಯನ ಗಂಟಲಲ್ಲಿ ಲಿಂಬೆಕಾಯಿಯಷ್ಟು ಗಂಟಿತ್ತು. ಕಾಶವ್ವನ ತವರು ಖಾನಾಪುರ. ಅಲ್ಲಿಯ ಮರಾಠಿ ಡಾಕ್ಟರ್ ಮುಗ್ಧಾ ಬಾಯಿ ಆ ಗಂಟನ್ನು ಒತ್ತಿ ನೋಡಿ, ರಕ್ತ ತಪಾಸಿಸಿ, ದಿನವೂ ನುಂಗಲು ಗುಳಿಗೆ ಕೊಟ್ಟು ಅವನ ಕೈನಡುಕ ನಿಲ್ಲಿಸಿದ್ದರು. ನಿಂತ ನಡುಕ ಸ್ಕ್ಯಾನಾದ ಕೆಲವು ವಾರಗಳಿಗೆ ತಿರುಗಿ ಬಂತು, ಬರುವಾಗ ಬೇರೆಯೇ ಒಬ್ಬ ಗಂಡಸನ್ನು ಮನೆಗೆ ಕರೆತಂದಿತು.

ಬೆಳಗಾವಿ ಪಕ್ಕದ ಮಚ್ಛೆ ಊರಿನ ಆ ಎರಡು ಖೋಲಿಯ ಮನೆಯಲ್ಲಿ ಅವನು ಒಂದು ಕಡೆ ಕೂರಲಾರ, ಮಲಗಲಾರ. ರೊಟ್ಟಿ ಎಷ್ಟು ತಿಂದರೂ ಪ್ಯಾಂಟು ಸೊಂಟದಿಂದ ಜಾರುತ್ತಿತ್ತು. ಚಹಾ ತುಟಿಗೆ ಬರುವುದರೊಳಗೆ ಅರ್ಧ ಅಂಗಿಯ ಪಾಲು. ಒಂದು ಮುಂಜಾನೆ ಪಲ್ಯಕ್ಕೆ ಉಪ್ಪಿಲ್ಲವೆಂದು ಉಣ್ಣುವ ಗಂಗಾಳ ಎತ್ತಿ ಕಾಶವ್ವನ ಹಣೆಗೆ ಬೀಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳ ಮೇಲೆ ಕೈ ಎತ್ತಿದವನಲ್ಲ. ಗಂಗಾಳವನ್ನೂ ರಕ್ತವನ್ನೂ ನೋಡುತ್ತ ಗಡಗಡ ನಡುಗಿದ.

"ಇದನ್ನ ನಾ ಹೊಡದ್ನೇನ, ಕಾಶೀ?"

"ನೀವ್ಯಾಕ ಹೊಡೀತೀರಿ? ಗಂಗಾಳ ಹೊಡೀತು," ಎಂದಳು ಕಾಶವ್ವ. ಹಣೆಗೆ ಅರಿವೆ ಬಿಗಿದುಕೊಂಡು ಕೆಲಸಕ್ಕೆ ಹೊರಟಳು. ಖಾನಾಪುರಕ್ಕೆ ಕರೆದೊಯ್ಯಲು ಒಂದು ದಿನದ ರಜೆ ಬೇಡಿ ಮೂರು ಸಲ ಕಾರ್ಖಾನೆಯ ಮೇಸ್ತ್ರಿ, ಮುಕಾದಮ ಈರಣ್ಣನ ಮುಂದೆ ನಿಂತಿದ್ದಳು. ಆರ್ಡರ್ ಮುಗಿಯುವತನಕ ಯಾರಿಗೂ ರಜೆ ಇಲ್ಲ ಎಂದಿದ್ದ.

ಗಂಡಹೆಂಡತಿ ಇಬ್ಬರದೂ ಉದ್ಯಮಬಾಗದ ಒಂದೇ ಎರಕದ ಕಾರ್ಖಾನೆ. ಅವಳು ಎರಕದ ಅಚ್ಚಿಗೆ ಉಸುಕು ಸಾಣಿಸುತ್ತಿದ್ದಳು. ಅವನು ಬಾಳೇಶನ ಜೊತೆ ಲ್ಯಾಡಲ್ ಹೊರುತ್ತಿದ್ದ. ಕುದಿಯುವ ಕಬ್ಬಿಣ ತುಂಬಿದ ಆ ಪಾತ್ರೆಯ ಒಂದೊಂದು ತುದಿ ಒಬ್ಬೊಬ್ಬನ ಕೈಯಲ್ಲಿ. ನಡುಗುವ ಕೈಗೆ ಕೊಡುವ ಕೆಲಸವಲ್ಲ ಅದು. ನಡುಕವನ್ನು ಎಲ್ಲರೂ ಕಂಡಿದ್ದರು, ಕಂಡು ನಕ್ಕಿದ್ದರು.

"ಏನ್ ಅಯ್ನೋರ, ಮುಂಜಾನೀದು ತೀರ್ಥ ಆತೇನ್ರಿ?"

"ಕೊರಳಾಗ ಲಿಂಗ, ಕಿಸೇದಾಗ ಕ್ವಾರ್ಟರ್!"

ಅಂದೂ ಆ ನಗು ಇನ್ನೂ ಭಟ್ಟಿಯ ಸುತ್ತ ಸುಳಿಯುತ್ತಿರುವಾಗಲೇ ಕಲ್ಲಯ್ಯನ ಮಣಿಕಟ್ಟು ಕುಣಿಯಿತು. ಲ್ಯಾಡಲ್ ವಾಲಿತು. ಕೆಂಪು ಕಬ್ಬಿಣ ಬಾಳೇಶನ ಬೂಟಿನೊಳಗೆ ಇಳಿಯಿತು. ಚರ್ಮ ಸುಟ್ಟ ವಾಸನೆ ಮೊದಲು ಬಂತು, ಕಿರುಚು ಆಮೇಲೆ. ಈರಣ್ಣ ಓಡಿಬಂದವನೇ ಕಲ್ಲಯ್ಯನ ಕಪಾಳಕ್ಕೆ ಬಾರಿಸಿದ.

"ಕುಡದ ಬಂದ ಮಂದೀನ್ನ ಸುಡ್ತೀಯೇನ್ಲೇ ಮಗನ!"

ಕಲ್ಲಯ್ಯನ ಕೈಗೆ ಸಿಕ್ಕಿದ್ದು ಕಿಟ್ಟ ತೆಗೆಯುವ ಸಲಾಕೆ. ಅವನ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಒಂದೇ ಏಟು. ಈರಣ್ಣನ ಹೆಗಲೆಲುಬು ಹಸಿ ಕಟ್ಟಿಗೆಯಂತೆ ಲಟಕ್ಕೆಂದಿತು. ಆಮೇಲೆ ಕಾರ್ಖಾನೆಯೇ ಅವನ ಮೇಲೆ ಬಿತ್ತು. ಸಲಿಕೆಯ ಹಿಡಿಕೆ ಬೆನ್ನಿಗೆ, ಬೂಟು ಹೊಟ್ಟೆಗೆ, ಇಟ್ಟಿಗೆ ತಲೆಗೆ. ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಉಸುಕಿಗೆ ಬಿತ್ತು. ಕಾಶವ್ವ ಅವನ ಮೇಲೆ ಕವುಚಿ ಬಿದ್ದಳು. ಒಂದು ಬೂಟು ಅವಳ ಪಕ್ಕೆಗೂ ತಾಗಿತು. ಯಾರದೆಂದು ಅವಳು ನೋಡಲಿಲ್ಲ. ದಿನವೂ ಅವಳ ಡಬ್ಬಿಯ ಶೇಂಗಾ ಚಟ್ನಿ ತಿನ್ನುತ್ತಿದ್ದವರೇ ಎಲ್ಲರೂ.

ಆಸ್ಪತ್ರೆಯಲ್ಲಿ ಅವನ ಕೈಕಾಲುಗಳನ್ನು ಮಂಚದ ಸರಳಿಗೆ ಬ್ಯಾಂಡೇಜು ಬಟ್ಟೆಯಿಂದ ಕಟ್ಟಿದರು. ಮೈ ಕೆಂಡವಾಗಿತ್ತು. ಕಟ್ಟಿದ ಮಣಿಕಟ್ಟು ಸರಳಿಗೆ ತಿಕ್ಕಿ ತಿಕ್ಕಿ ಚರ್ಮ ಸುಲಿಯುತ್ತಿತ್ತು. ಕತ್ತಿನ ನರ ಎಣಿಸಲಾಗದಷ್ಟು ಜೋರಾಗಿ ಹಾರುತ್ತಿತ್ತು. ಇಲ್ಲದ ಯಾರನ್ನೋ ಅವನು ಬೈಯುತ್ತಿದ್ದ. ಪಕ್ಕದ ಮಂಚದಲ್ಲಿ ಈರಣ್ಣ, ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು, ಬಾಯಿಗೆ ಮಾತ್ರ ಯಾವ ಪಟ್ಟಿಯೂ ಇಲ್ಲದೆ ಕೂತಿದ್ದ.

"ಕುಡುಕ್ರೀ ಡಾಕ್ಟರ್ರ. ಇಡೀ ಕಾರಖಾನಿಗೆ ಗೊತ್ತೈತಿ."

"ನಮ್ಮನಿಯವ್ರು ಕುಡಿಯೂದಿಲ್ರೀ," ಎಂದಳು ಕಾಶವ್ವ. "ಬಾಯಿ ಮೂಸಿ ನೋಡ್ರಿ ಬೇಕಾದ್ರ."

ವಾರ್ಡಿನ ಡಾಕ್ಟರ್, ಗೌರವ ಎಂಬವನು, ಮೂಸಿ ನೋಡಿದ. "ವಾಸನಿ ಇಲ್ಲ, ಖರೇ. ಹಂಗಂದ್ರ ಕುಡಿಯೂದು ಒಮ್ಮಿಗೇ ಬಿಟ್ಟಾನ. ಬಿಟ್ರೂ ಹಿಂಗ ಆಗತೈತಿ."

ವಾಸನೆ ಇದ್ದರೆ ಕುಡಿದಿದ್ದಾನೆ, ಇಲ್ಲದಿದ್ದರೆ ಕುಡಿಯುವುದನ್ನು ಬಿಟ್ಟಿದ್ದಾನೆ. ಕಾರ್ಖಾನೆಯ ಅಂಗಿ ತೊಟ್ಟವನಿಗೆಂದು ಆ ವಾರ್ಡಿನಲ್ಲಿ ಮೂರನೆಯ ರೋಗವನ್ನು ಯಾರೂ ಇಟ್ಟಿರಲಿಲ್ಲ. ಥೈರಾಯ್ಡ್ ಎಂದು ಅವಳು ಹೇಳಿದಳು. "ಅದನ್ನ ಆಮ್ಯಾಲ ನೋಡೂಣು," ಎಂದ. ಹೊಟ್ಟೆಗೆ ಒದೆ ಬಿದ್ದಿದೆ, ಒಳಗೆ ರಕ್ತ ಸೋರುತ್ತಿರಬಹುದು, ಡೈ ಹಾಕಿ ಸ್ಕ್ಯಾನ್ ಮಾಡಬೇಕು ಎಂದು ಸಿಸ್ಟರಿಗೆ ಹೇಳಿದ.

ಡೈ ಎಂಬ ಮಾತಿಗೆ ಕಾಶವ್ವನ ಕಿವಿ ನಿಮಿರಿತು. ಬಾಗಿಲ ಹೊರಗೆ ಹೋಗಿ ಖಾನಾಪುರಕ್ಕೆ ಫೋನ್ ಹಚ್ಚಿದಳು. ಮುಗ್ಧಾ ಬಾಯಿ ಎಲ್ಲ ಕೇಳಿದರು. ಒಂದು ಉಸಿರು ಎಳೆದುಕೊಂಡರು.

"ಅಗಂ ಬಾಯಿ! ಆಗಲೂ ಡೈ ಹಾಕಿದ್ರಾ? ಗುಳಿಗಿನೂ ಬಂದ್? ಕಾಶವ್ವಾ, ನೀಟ ಕೇಳ. ಆ ಡೈದಾಗ ಅಯೋಡಿನ್ ಇರತದ. ಸಾವಿರ ಮಂದಿಗೆ ಹಾಕಿದ್ರೂ ಏನೂ ಆಗೂದಿಲ್ಲ. ಇವನಂಥಾ ಗಂಟ ಇದ್ದಾವರಿಗೆ ಅದು ಭಟ್ಟಿಗೆ ಇದ್ದಲಿ ಸುರುವಿದಂಗ. ಅಂವಾ ಕುಡದಿಲ್ಲ, ಹುಚ್ಚೂ ಹಿಡದಿಲ್ಲ. ಥೈರಾಯ್ಡ್ ಉಕ್ಕೇದ."

"ಜೀವಕ್ಕ ಏನರ…?"

"ಹೂಂ, ಜೀವಕ್ಕನ ಅದ. ಮದಲ ಥೈರಾಯ್ಡಿನ ಔಷಧಾ ಚಾಲೂ ಆಗಬೇಕು. ಹೊಟ್ಟಿ ಸೋನೋಗ್ರಫಿದಾಗ ನೋಡಲಿ ಅನ್ನು, ಅದಕ್ಕ ಡೈ ಬೇಕಾಗೂದಿಲ್ಲ. ನನ್ನ ಜೋಡಿ ಮಾತಾಡೂತನಾ ಡೈ ಹಾಕಾಕ ಬಿಡಬ್ಯಾಡ. ಫೋನ್ ಅವರ ಕೈಯಾಗ ಕೊಡು. ನಾ ಈಗ ಹೊಂಟೆ."

ಕಾಶವ್ವ ಫೋನನ್ನು ಡಾಕ್ಟರನ ಮುಖದ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ.

"ಫೋನಿನ್ಯಾಗ ಯಾರೋ ಹೇಳಿದ್ದ ಕೇಳಿ ನಾ ಪೇಶಂಟ್ ನೋಡೂದಿಲ್ಲ."

"ಯಾರೋ ಅಲ್ರೀ, ಇವರನ್ನ ಮದಲಿಂದ ನೋಡಿದ ಡಾಕ್ಟರ್."

"ಖಾನಾಪುರದಾಕಿ ಹೇಳಿದ್ರ ಬೆಳಗಾಂವ ಕೇಳಬೇಕೇನು?" ಎಂದು ಈರಣ್ಣ ನಕ್ಕ. ನಕ್ಕದ್ದಕ್ಕೆ ಹೆಗಲು ನೊಂದು ಮತ್ತೆ ಬೈದ.

ಅಷ್ಟರಲ್ಲಿ ಕಲ್ಲಯ್ಯ ಒಂದು ಕೈಯ ಕಟ್ಟು ಹರಿದುಕೊಂಡ. ಸಲಾಯಿನ್ ಬಾಟಲಿ ನೆಲಕ್ಕೆ ಬಿತ್ತು. ಸೂಜಿ ಕಿತ್ತ ಕಡೆಯಿಂದ ರಕ್ತ ಗೋಡೆಗೆ ಚಿಮ್ಮಿತು. ಕಾವಲಿನವನು ಮಂಚ ಹತ್ತಿ ಅವನ ಎದೆಯ ಮೇಲೆ ಮೊಣಕಾಲೂರಿದ.

"ತಗೀ ಕಾಲ, ಸತ್ತಾನು!" ಕಾಶವ್ವ ಕಾವಲಿನವನ ಕಾಲರ್ ಹಿಡಿದು ಎಳೆದಳು. ಅವನು ಮೊಣಕೈಯಿಂದ ಅವಳ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ಅವಳು ಕಾಲರ್ ಬಿಡಲಿಲ್ಲ. ಅವನು ಕೆಳಗಿಳಿದ ಮೇಲೆಯೇ ಬಿಟ್ಟಳು. ಗಂಡನ ಕೆನ್ನೆಗೆ ಅಂಗೈ ಇಟ್ಟು "ನಾ ಅದೀನ್ರೀ, ಕಾಶಿ," ಎಂದಳು. ಅವನ ಒದೆತ ನಿಧಾನವಾಯಿತು. ಹಲ್ಲು ಕಡಿಯುತ್ತ, ಏದುಸಿರು ಬಿಡುತ್ತ ಬಿದ್ದುಕೊಂಡ.

ಡಾಕ್ಟರ್ ಗೌರವ ಅದನ್ನು ಕಂಡ. ಹೊಸ ಸೂಜಿಯ ಪಾಕೀಟು ಒಡೆದ. ದನಿ ಮೆತ್ತಗೆ ಮಾಡಿದ.

"ನೋಡ್ರಿ ಅಕ್ಕಾರ, ನಿಮ್ಮ ಕೈಯಾಗ ಸುಮ್ಮನಾಗ್ತಾರ. ಆ ತೋಳ ಗಟ್ಟಿ ಹಿಡೀರಿ. ಸೂಜಿ ಹಾಕಿ ಸ್ಕ್ಯಾನಿಗೆ ಒಯ್ತೇವಿ."

"ಡೈ ಹಾಕಾಕೇನ್ರಿ?"

"ಅದು ನಮ್ಮ ಕೆಲಸ. ನೀವು ಹಿಡೀರಿ."

"ಮದಲ ಆ ಬಾಯಾರ ಜೋಡಿ ಮಾತಾಡ್ರಿ."

"ಹೊಟ್ಟ್ಯಾಗ ರಕ್ತ ಹರದು ಸತ್ರ ಯಾರು ಜವಾಬ್ದಾರಿ? ನೀವಾ? ಹಿಡೀರಿ ಅಂದೆ!"

ಕಾಶವ್ವನ ತುಟಿಯ ರಕ್ತ ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ. ಗಂಡನ ಬಿಚ್ಚಿದ ತೋಳನ್ನು ತನ್ನ ಸೆರಗಿನೊಳಗೆ ಎಳೆದುಕೊಂಡು, ಅದರ ಮೇಲೆ ಎದೆಯೂರಿ ಮಂಚದಂಚಿಗೆ ಕೂತಳು. ಇನ್ನೊಂದು ಕೈಯಲ್ಲಿ ಫೋನ್ ಹಾಗೇ ಮುಂದಕ್ಕಿತ್ತು. ಅದರೊಳಗಿಂದ ಮುಗ್ಧಾ ಬಾಯಿ ಹಲೋ ಹಲೋ ಎನ್ನುತ್ತಿದ್ದರು.

"ಸೋನೋಗ್ರಫಿ ಮಾಡ್ರಿ, ನಾನ ಹೊತ್ತು ತರ್ತೇನಿ. ರಕ್ತಾ ತಗೀರಿ, ಬೇಕಾದಷ್ಟು ತಗೀರಿ," ಎಂದಳು. "ಡೈ ಹಾಕಾಕ ಈ ಕೈ ನಾ ಹಿಡಿಯಂಗಿಲ್ಲ."